ಮುಳುಗದ ಹೊತ್ತಿಗೆ ಒಂದು ತಂತಿ

ಎಂಬತ್ತನಾಲ್ಕರ ಜೂನ್, ರಂಜಾನ್ ತಿಂಗಳು. ಆಲಂಕಾರು ಪೇಟೆಯಲ್ಲಿ ಕೊಡೆ ರಿಪೇರಿ ಮಾಡುವ ಹಸನಬ್ಬನಿಗೆ ಹೆಂಡತಿಯ ತಮ್ಮ ಕಬೀರನಿಂದ ಕಾಗದ ಬಂತು. ಹಡಗಿನ ಕೆಲಸದ ಕಬೀರ ನಾರ್ವೆಯ ಬಡಗು ತುದಿಯಿಂದ ಬರೆದಿದ್ದ: "ಭಾವಾ, ಇಲ್ಲಿ ಹೊತ್ತು ಮುಳುಗುದೇ ಇಲ್ಲ. ಮೊದಲ ಉಪವಾಸ ಹಿಡಿದಿದ್ದೇನೆ. ಬಿಡುದು ಯಾವಾಗ? ಕೂಡಲೇ ತಿಳಿಸಿ."

ಕಾಗದ ಬರಲು ಹದಿನೈದು ದಿನ ಹಿಡಿದಿತ್ತು. ಹೆಂಡತಿ ಐಸಮ್ಮ ಬೆರಳು ಮಡಚಿ ಎಣಿಸಿದಳು. "ಹದಿನೈದು ದಿನದಿಂದ ನನ್ನ ತಮ್ಮ ಒಂದೇ ಉಪವಾಸದಲ್ಲಿದ್ದಾನೆ."

"ಪ್ರಯಾಣದವರಿಗೆ ರಿಯಾಯಿತಿ ಉಂಟು ಮಾರಾಯ್ತಿ. ಎಂತಾದ್ರೂ ತಿಂದಿರ್ತಾನೆ."

"ಅವನಾ? ಹಟ ಹಿಡಿದ್ರೆ ಬಿಡುವ ಜನವಾ ಅವ? ಅವ ಉಣ್ಣುವವರೆಗೆ ಈ ಮನೆಯಲ್ಲಿ ಒಲೆ ಹಚ್ಚುದಿಲ್ಲ. ಹೋಗಿ ಅವನಿಗೆ ಗಂಟೆ ತಿಳಿಸಿ ಬನ್ನಿ."

ಸಂಜೆಯ ಪತ್ತಿರಿ ರೊಟ್ಟಿ, ಕೋಳಿ ಸಾರು ಎರಡೂ ಹಸನಬ್ಬನ ಕಣ್ಣೆದುರೇ ರೆಕ್ಕೆ ಬಡಿದು ಹಾರಿಹೋದವು. ಅವನು ನಿವೃತ್ತ ದುಗ್ಗಪ್ಪ ಮಾಸ್ಟ್ರ ಮನೆಗೆ ಓಡಿದ.

"ನಾರ್ವೆಯಲ್ಲಿ ಹೊತ್ತು ಮುಳುಗುದಿಲ್ವಂತೆ ಮಾಸ್ಟ್ರೆ."

"ಇಲ್ಲಿ ಹುಟ್ಟಿದ್ದನ್ನೇ ಎಂಟು ದಿನದಿಂದ ನೋಡಿಲ್ಲ," ಎಂದು ಮಾಸ್ಟ್ರು ಮಳೆಯತ್ತ ಕಣ್ಣು ಹಾಯಿಸಿದರು. ಪಾಠ ಕೇಳುವವರು ಸಿಕ್ಕದೆ ಅವರಿಗೆ ಆರು ವರ್ಷವಾಗಿತ್ತು. ಚಿಮಿಣಿ ದೀಪ ಹಚ್ಚಿ, ಒಂದು ಹಲಸಿನ ಹಣ್ಣನ್ನು ಅದರೆದುರು ಓರೆಯಾಗಿ ಹಿಡಿದರು. "ಇದು ಭೂಮಿ. ತೊಟ್ಟು ಅಂದ್ರೆ ಉತ್ತರ ಧ್ರುವ. ಜೂನಲ್ಲಿ ತೊಟ್ಟು ಸೂರ್ಯನ ಕಡೆ ಬಾಗಿರ್ತದೆ. ಎಷ್ಟು ತಿರುಗಿಸಿದ್ರೂ ಅಲ್ಲಿ ಕತ್ತಲೆ ಉಂಟಾ? ಇಲ್ಲ. ನಾವು ಹೊಟ್ಟೆಯ ಹತ್ತಿರ. ಹದಿಮೂರು ಗಂಟೆಯೊಳಗೆ ನಮ್ಮ ಹಗಲು ಮುಗೀತು."

ಅಷ್ಟಕ್ಕೇ ಬಿಟ್ಟಿದ್ದರೆ ಒಳ್ಳೆಯದಿತ್ತು. ಮಾಸ್ಟ್ರು ಕತ್ತಿಗೆ ಎಣ್ಣೆ ಸವರಿ ಭೂಮಿಯನ್ನು ಅಡ್ಡಡ್ಡ ಕೊಯ್ದರು. "ಹೊಟ್ಟೆಯ ಸುತ್ತ ಹೋಗ್ಲಿಕ್ಕೆ ಎರಡು ಮೊಳ. ತೊಟ್ಟಿನ ಹತ್ತಿರ ಒಂದು ಗೇಣು. ಡಿಗ್ರಿ ಮಾತ್ರ ಎರಡರಲ್ಲೂ ಮುನ್ನೂರ ಅರುವತ್ತೇ. ಮೇಲೆ ಹೋದ ಹಾಗೆ ಡಿಗ್ರಿಯಿಂದ ಡಿಗ್ರಿಗೆ ದೂರ ಕಮ್ಮಿ."

"ಹಾಗಾದ್ರೆ ನಾರ್ವೆಯಲ್ಲಿ ನಮ್ಮ ಕಡಬದಿಂದ ನೆಟ್ಟಣ ಹತ್ತಿರವಾ?"

"ನಾರ್ವೆಯಲ್ಲಿ ಕಡಬ ಎಲ್ಲಿ ಉಂಟು ಮಾರಾಯಾ?" ಎನ್ನುತ್ತ ಮಾಸ್ಟ್ರು ಆಫ್ರಿಕಾದ ಎರಡು ತೊಳೆ ಬಾಯಿಗೆ ಹಾಕಿಕೊಂಡರು.

ಹಲಸಿನ ಪರಿಮಳಕ್ಕೆ ಉಪವಾಸದ ಹೊಟ್ಟೆ ಚುರುಗುಟ್ಟಿತು. ಹಸನಬ್ಬನ ತಲೆ ಗಾಳಿಗೆ ಮಗುಚಿದ ಕೊಡೆಯಂತಾಯಿತು. "ಅದೆಲ್ಲ ಸರಿ ಮಾಸ್ಟ್ರೆ, ಅವ ಉಣ್ಣುದು ಯಾವಾಗ?"

"ಅದು ಭೂಗೋಳದಲ್ಲಿ ಬರುದಿಲ್ಲ. ಮಸೀದಿಯಲ್ಲಿ ಕೇಳು."

ಮಸೀದಿಯ ಉಸ್ತಾದರು ತಾಳ್ಮೆಯಿಂದ ಕೇಳಿ, "ಹೊತ್ತು ಮುಳುಗದ ಕಡೆ ಇರುವವರು ಮುಳುಗುವ ಊರಿನ ಸಮಯ ಹಿಡಿಯಬಹುದು," ಎಂದರು.

"ನಮ್ಮೂರು ಆಗ್ತದಾ?"

"ಯಾಕೆ, ನಮ್ಮೂರಲ್ಲಿ ಮುಳುಗುದಿಲ್ವಾ?"

ಹಸನಬ್ಬ ಅಂಚೆ ಕಚೇರಿಗೆ ಹಾರಿ, ತಂತಿಯ ಕಾಗದದ ಮೇಲೆ ಬರೆದ: "ಆಲಂಕಾರಿನಲ್ಲಿ ಹೊತ್ತು ಮುಳುಗುವಾಗ, ಅಂದರೆ ಇಲ್ಲಿನ ಏಳು ಗಂಟೆಗೆ, ನೀನೂ ಉಪವಾಸ ಬಿಡು." ಪೋಸ್ಟ್ ಮಾಸ್ತರಿಣಿ ವಸುಮತಿಯಮ್ಮ ಕೆಂಪು ಪೆನ್ಸಿಲ್ ಎತ್ತಿಕೊಂಡರು.

"ಇಷ್ಟುದ್ದ ಎಂತಕ್ಕೆ? ಒಂದೊಂದು ಶಬ್ದಕ್ಕೂ ದುಡ್ಡು. ಆಲಂಕಾರು ಅಂದ್ರೆ ನಾರ್ವೆಯವರಿಗೆ ಗೊತ್ತುಂಟಾ? ದಾರಿಯಲ್ಲಿ ಆ ಹೆಸರು ಎಂತೆಂತದೋ ಆಗಿ ಹೋಗ್ತದೆ." ಗೀಚಿ ಗೀಚಿ ಕೊನೆಗೆ ಉಳಿದದ್ದು: "ಏಳು ಗಂಟೆಗೆ ಉಣ್ಣು." ಹಾಗೇ ಕಳಿಸಿಬಿಟ್ಟರು.

ಏಳಕ್ಕೆ ಹತ್ತು ನಿಮಿಷ ಇರುವಾಗ ಹಸನಬ್ಬ ಗೆದ್ದವನಂತೆ ಮನೆ ಹೊಕ್ಕ. ಹಿಂದಿನಿಂದ, ಪಾಠದ ಪರಿಣಾಮ ನೋಡಲು ದುಗ್ಗಪ್ಪ ಮಾಸ್ಟ್ರೂ ಬಂದರು.

"ತಂತಿ ಹೋಯ್ತು. ಏಳು ಗಂಟೆಗೆ ಉಣ್ಲಿಕ್ಕೆ ಹೇಳಿದ್ದೇನೆ."

ಐಸಮ್ಮನ ಮುಖ ಅರಳಿತು. ಕಲಸಿಟ್ಟ ಅಕ್ಕಿ ಹಿಟ್ಟನ್ನು ಹತ್ತಿರಕ್ಕೆಳೆದು ಬೆಂಕಿಪೊಟ್ಟಣ ತೆಗೆದಳು. ಮಾಸ್ಟ್ರು ಕೆಮ್ಮಿದರು.

"ಯಾವ ಏಳು? ನಾನು ಭೂಮಿಯನ್ನು ಅಡ್ಡ ಕೊಯ್ದು ಮಾತ್ರ ತೋರಿಸಿದ್ದು. ಉದ್ದಕ್ಕೆ ಕೊಯ್ದರೆ ಬೇರೆ ಲೆಕ್ಕ ಉಂಟು. ಅವನ ಗಡಿಯಾರ ನಮಗಿಂತ ಮೂರೂವರೆ ಗಂಟೆ ಹಿಂದೆ. ಅವನಿಗೆ ಏಳಾಗುವಾಗ ನಮಗೆ ಹತ್ತೂವರೆ."

ಆ ಕ್ಷಣಕ್ಕೇ ಮಸೀದಿಯಿಂದ ಬಾಂಗ್ ಕೇಳಿತು. ಐಸಮ್ಮ ಗೀರದ ಕಡ್ಡಿಯನ್ನು ಪೊಟ್ಟಣಕ್ಕೆ ಹಿಂದಕ್ಕೆ ತುರುಕಿದಳು. ಒಳಗಿನಿಂದ ಒಂದು ಲೋಟ ನೀರು, ಒಂದೇ ಒಂದು ಖರ್ಜೂರ ತಂದು ಗಂಡನ ಅಂಗೈಯಲ್ಲಿಟ್ಟಳು.

"ಮೆಲ್ಲ ಚೀಪಿ," ಎಂದಳು. "ಹತ್ತೂವರೆವರೆಗೆ ಬರಬೇಕು."