ಚಿಕ್ಕಮ್ಮನ ಎಡ ಹುಬ್ಬು

ನನ್ನ ಚಿಕ್ಕಮ್ಮ ದೇವರು ಕೊಟ್ಟ ಬಾಯಿಯನ್ನು ಊಟಕ್ಕೆ ಮಾತ್ರ ಇಟ್ಟುಕೊಂಡು, ಮಿಕ್ಕ ವ್ಯವಹಾರವನ್ನೆಲ್ಲ ಹಣೆಗೆ ವಹಿಸಿಬಿಟ್ಟವರು! ಎರಡು ಹುಬ್ಬೂ ಮೇಲೆ ಹೋದರೆ 'ಆಗಲಿ'. ಹುಬ್ಬು ಗಂಟಾದರೆ 'ಬೇಡ'. ಎಡ ಹುಬ್ಬು ಮಾತ್ರ ಎದ್ದರೆ 'ಇದೆಂಥ ಮರುಳು ಪ್ರಶ್ನೆ?' ಈ ಮೂರನೆಯದು ಹೆಚ್ಚಾಗಿ ಚಿಕ್ಕಪ್ಪನ ಪಾಲಿಗೇ ಬರುತ್ತಿತ್ತು. ಬರದೆ ಇರುತ್ತದೆಯೇ? ಚಿಕ್ಕಪ್ಪ ನಿದ್ದೆಯಲ್ಲೂ ಮಾತಾಡುವವರು.

ಪುತ್ತಿಗೆಯ ಕಡೆಯ ಶಾಲೆಯೊಂದರಲ್ಲಿ ಚಿಕ್ಕಮ್ಮ ವಿಜ್ಞಾನದ ಟೀಚರ್ ಆಗಿದ್ದರು. ನಾನೂ ಅವರ ತರಗತಿಯಲ್ಲಿದ್ದೆ. ಸ್ನಾಯುಗಳ ಪಾಠದ ದಿನ ಮಾತ್ರ ಬಾಯಿಬಿಟ್ಟು ಹಣೆಯ ಸ್ನಾಯುವಿನ ಗುಣಗಾನ ಮಾಡಿದರು. ಮೈಯ ಹೆಚ್ಚಿನ ಸ್ನಾಯುಗಳು ಎಲುಬನ್ನು ಹಿಡಿದುಕೊಂಡಿರುತ್ತವಂತೆ, ಇದಕ್ಕೆ ಎಲುಬಿನ ಹಂಗೇ ಇಲ್ಲವಂತೆ! ಮೇಲೆ ನೆತ್ತಿಯ ಪೊರೆಗೆ, ಕೆಳಗೆ ಹುಬ್ಬಿನ ಚರ್ಮಕ್ಕೆ ಅಂಟಿಕೊಂಡು ಹುಬ್ಬೆತ್ತುತ್ತದೆ, ಹಣೆಗೆ ಗೆರೆ ಎಳೆಯುತ್ತದೆ. ನಂಬದವರಿಗಾಗಿ ನಮಗೆ ಬೆನ್ನು ಹಾಕಿ ನಿಂತು ನೆತ್ತಿಯನ್ನೇ ಕುಣಿಸಿದರು. ಮುಡಿದ ಮಲ್ಲಿಗೆ ಹಿಂದೆ ಮುಂದೆ ಹೋಯಿತು! ಆ ವರ್ಷ ಪರೀಕ್ಷೆಯಲ್ಲಿ ಹಣೆಯ ಸ್ನಾಯುವಿನ ಪ್ರಶ್ನೆಗೆ ಯಾರೂ ತಪ್ಪು ಬರೆಯಲಿಲ್ಲ.

ಕುಂಬಳೆಯ ಬ್ಯಾರಿ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಸೀರೆ ಆರಿಸುವುದೂ ಹೀಗೆಯೇ. ಅವರು ಒಂದೊಂದೇ ಸೀರೆ ಬಿಡಿಸಿ ಚಿಕ್ಕಮ್ಮನ ಹಣೆ ನೋಡುತ್ತಿದ್ದರು. ನಡುವೆ ನಿಂತು ಬಣ್ಣಗಳ ಬಗ್ಗೆ ಭಾಷಣ ಬಿಗಿಯುತ್ತಿದ್ದ ಚಿಕ್ಕಪ್ಪನಿಗೆ ಒಮ್ಮೆ ಮೆಲ್ಲಗೆ ಹೇಳಿದರು: "ಸ್ವಲ್ಪ ಆಚೆ ನಿಲ್ಲಿ ಸಾರ್, ಟೀಚರ ಹಣೆ ಕಾಣುವುದಿಲ್ಲ."

ಮನೆಗೆ ಬಂದು ಚಿಕ್ಕಪ್ಪ ಸಿಡುಕಿದರು. "ನಿನಗೆ ಬಾಯಿ ಇರುವುದು ಎಂತಕ್ಕೆ ಮಾರಾಯ್ತಿ?"

ಎಡ ಹುಬ್ಬು ಎದ್ದಿತು.

ಹೋದ ವರ್ಷ ಒಂದು ಬೆಳಿಗ್ಗೆ ಚಿಕ್ಕಮ್ಮನಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಬಿದ್ದುಹೋಯಿತು, ಬಾಯಿ ಓರೆಯಾಯಿತು, ಮಾತು ನಿಂತಿತು. ಆಸ್ಪತ್ರೆಯಲ್ಲಿ ಡಾಕ್ಟರು ತಮ್ಮ ಹುಬ್ಬೆತ್ತಿ ತೋರಿಸಿದಾಗ ಚಿಕ್ಕಮ್ಮನ ಎರಡು ಹುಬ್ಬೂ ಎದ್ದವು. ಹಣೆಗೆ ಮೆದುಳಿನ ಎರಡೂ ಕಡೆಯಿಂದ ಅಪ್ಪಣೆ ಬರುತ್ತದೆ, ಒಂದು ಕಡೆ ಸೋತರೆ ಇನ್ನೊಂದು ಕಡೆ ನಡೆಸಿಕೊಂಡು ಹೋಗುತ್ತದೆ ಎಂದು ಅವರು ವಿವರಿಸಿದರು. ಆದರೆ ಜನರ ಗುರುತು ಸಿಗುತ್ತದೋ ಇಲ್ಲವೋ ಎಂದು ಈಗಲೇ ಹೇಳಲಾರೆ ಎಂದರು.

ಅಲ್ಲಿಗೆ ಚಿಕ್ಕಪ್ಪನ ಮಾತೂ ನಿಂತಿತು. ಎರಡು ದಿನ ಮಂಚದ ಪಕ್ಕ ಸುಮ್ಮನೆ ಕೂತರು. ಅವರು ಸುಮ್ಮನಿದ್ದುದನ್ನು ಕಂಡು ನನಗೆ ನಿಜಕ್ಕೂ ಹೆದರಿಕೆಯಾಯಿತು. ಮೂರನೆಯ ದಿನ ಹೇಗೋ ಧೈರ್ಯ ಮಾಡಿ ಬಗ್ಗಿ ಕೇಳಿದರು.

"ನಾನು ಯಾರು ಅಂತ ಗೊತ್ತುಂಟಾ?"

ಚಿಕ್ಕಮ್ಮ ಬಹಳ ಹೊತ್ತು ಅವರನ್ನೇ ನೋಡಿದರು. ಹಣೆ ಅಲುಗಲಿಲ್ಲ. ಆಮೇಲೆ ನಿಧಾನವಾಗಿ ಎದ್ದಿತು, ಎಡ ಹುಬ್ಬು ಮಾತ್ರ!

ಚಿಕ್ಕಪ್ಪ ಗಳಗಳನೆ ಅತ್ತುಬಿಟ್ಟರು. ಕಣ್ಣೊರೆಸಿಕೊಂಡು, ಅದೇ ಮರುಳು ಪ್ರಶ್ನೆಯನ್ನು ಮತ್ತೊಮ್ಮೆ ಕೇಳಿದರು.