ಗುಡುಗುಮಲ್ಲನ ಮುಖವಾಡವೂ ನಮ್ಮ ಮನೆಯ ಸಾರೂ

ಗವಿಪುರಂ, ಬೆಂಗಳೂರು
ಸೋಮವಾರ, 25 ಆಗಸ್ಟ್ 2008

'ದಿಢೀರ್' ಸುದ್ದಿವಾಹಿನಿಯ ಘನತೆವೆತ್ತ ಪ್ರಧಾನ ಸಂಪಾದಕರ ಸನ್ನಿಧಾನಕ್ಕೆ,

ಮಾನ್ಯರೇ,

ತಾವೂ, ತಮ್ಮ ಪರದೆಯ ಮೇಲೆ ಏಕಕಾಲಕ್ಕೆ ಮೂಡುವ ಆರು ಚೌಕಗಳೂ, ಆ ಚೌಕಗಳೊಳಗೆ ಒಟ್ಟಿಗೇ ಕೂಗಾಡುವ ಆರು ಮಂದಿ ತಜ್ಞರೂ, ಅವರೆಲ್ಲರ ಪಾದ ತೊಳೆಯುತ್ತ ಹರಿಯುವ ಕೆಂಪು ಪಟ್ಟಿಯೂ ಕ್ಷೇಮವೆಂದು ಭಾವಿಸುತ್ತೇನೆ. ನಾವೂ ಇಲ್ಲಿ ಕ್ಷೇಮ. ಕೇಬಲ್ ಹೋದಾಗಲಂತೂ ಇನ್ನೂ ಕ್ಷೇಮ. ನನ್ನ ಹೆಸರು ವಾದಿರಾಜ. ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತೇನೆ. ಇಷ್ಟು ವರ್ಷ ಹೆಸರಿಗೆ ಮಾತ್ರ ವಾದಿಯಾಗಿದ್ದ ನಾನು, ಕಳೆದ ಗುರುವಾರ ಸಂಜೆ ಏಳು ಗಂಟೆಯ ತಮ್ಮ ವಿಶೇಷ ಕಾರ್ಯಕ್ರಮದ ಕೃಪೆಯಿಂದ ಫಿರ್ಯಾದಿಯೂ ಆಗಿದ್ದೇನೆ.

ಫಿರ್ಯಾದು ಗುಡುಗುಮಲ್ಲನಿಗೆ ಸಂಬಂಧಪಟ್ಟದ್ದು. ಆತನನ್ನು 'ನಾಡಿನ ಮಕ್ಕಳ ಕಣ್ಮಣಿ' ಎಂದು ತಾವು ಅರ್ಧ ಗಂಟೆಯಲ್ಲಿ ಮೂವತ್ತೊಂದು ಸಲ ಬಣ್ಣಿಸಿದರೂ ಆತ ಮಾಡುತ್ತಿದ್ದದ್ದೇನೆಂದು ಒಮ್ಮೆಯೂ ಹೇಳಲಿಲ್ಲವಾದ್ದರಿಂದ, ತಮ್ಮ ಅವಗಾಹನೆಗೆ ಎರಡು ಮಾತು. ಗುಡುಗುಮಲ್ಲ ತೊಂಬತ್ತರ ದಶಕದ ಆರಂಭದಲ್ಲಿ ಅಕ್ಕಿಪೇಟೆಯ ಒಂದು ಪುಟ್ಟ ಮುದ್ರಣಾಲಯದಿಂದ ತಿಂಗಳಿಗೊಮ್ಮೆ ಹೊರಬೀಳುತ್ತಿದ್ದ ಕಾಮಿಕ್ಸ್ ಪುಸ್ತಕದ ನಾಯಕ. ಎರಡು ಅಂಗೈ ತಟ್ಟಿದರೆ ಗುಡುಗು, ಚಿಟಿಕೆ ಹೊಡೆದರೆ ಮಿಂಚು. ಎದುರಿಗೆ ಯಾರಾದರೂ ಕೊಡೆ ಬಿಚ್ಚಿದರೆ ಮಾತ್ರ ಪಾಪ, ಬಲವೆಲ್ಲ ಇಳಿದು ನೆಗಡಿ ಹಿಡಿಯುತ್ತಿತ್ತು. ಮುಖಕ್ಕೆ ಸದಾ ನೀಲಿ ಮುಖವಾಡ. ಅದರ ಹಿಂದೆ ಇರುವವನು ಯಾರು ಎಂಬ ಒಂದೇ ಪ್ರಶ್ನೆಯ ಮೇಲೆ ನಲವತ್ತೆರಡು ಸಂಚಿಕೆಗಳು ನಡೆದವು. ನಲವತ್ತೆರಡನೆಯದರ ಕಡೆಗೆ ಆತ ಮುಖವಾಡಕ್ಕೆ ಕೈ ಹಾಕುತ್ತಾನೆ. ಮುಂದಿನದು ಕಡೇ ಪುಟದಲ್ಲಿ.

ಇಲ್ಲಿ ಶೀನಣ್ಣನವರನ್ನು ತಮಗೆ ಪರಿಚಯಿಸದಿದ್ದರೆ ನನ್ನ ದುಃಖ ತಮಗೆ ದಕ್ಕುವುದಿಲ್ಲ. ಚಾಮರಾಜಪೇಟೆಯಲ್ಲಿ ಫ್ಲೋರ್ ಮಿಲ್ಲಿಗೆ ಅಂಟಿಕೊಂಡಂತೆ ಅವರದೊಂದು ಲೈಬ್ರರಿ ಇದೆ. ಅಲ್ಲಿನ ಪುಸ್ತಕ ಓದಿದವರ ಮೂಗಿನ ಮೇಲೆ ರಾಗಿಹಿಟ್ಟು ಇರುತ್ತಿದ್ದುದರಿಂದ ಸದಸ್ಯರನ್ನು ರಸ್ತೆಯಲ್ಲೇ ಗುರುತಿಸಬಹುದಿತ್ತು. ತೆಗೆದುಕೊಂಡು ಹೋದ ಕಾಮಿಕ್ಸನ್ನು ಯಾರೂ ವಾಪಸು ತರುವುದಿಲ್ಲವೆಂದು ನೊಂದ ಶೀನಣ್ಣ ಒಂದು ಉಪಾಯ ಹೂಡಿದ್ದರು. ಹೊಸ ಸಂಚಿಕೆ ಬಂದ ಕೂಡಲೇ ಅದರ ಕಡೇ ಪುಟವನ್ನು ಬ್ಲೇಡಿನಿಂದ ನಾಜೂಕಾಗಿ ಕತ್ತರಿಸಿ, ಸಂಖ್ಯೆ ಬರೆದು, ಒಂದು ಬಿಸ್ಕತ್ ಡಬ್ಬಕ್ಕೆ ಹಾಕಿಡುವುದು. ಪುಸ್ತಕ ಹಿಂದಿರುಗಿಸಿದವನಿಗೆ ಮಾತ್ರ ಆ ಪುಟವನ್ನು ಕೌಂಟರಿನ ಮುಂದೆ ನಿಂತುಕೊಂಡೇ ಓದುವ ಅವಕಾಶ. "ಪುಸ್ತಕ ಕೊಟ್ಟು ಪುಟ ಓದು, ಓದಿ ಬಾಯ್ ಮುಚ್ಕೊಂಡು ಮನೆಗ್ ಹೋಗು" ಎಂಬುದು ಅವರ ಸಂವಿಧಾನದ ಏಕೈಕ ವಿಧಿ. ಬಾಯಿ ಬಿಟ್ಟವನ ಸದಸ್ಯತ್ವ ರದ್ದು. ಮಾನ್ಯರೇ, ಒಬ್ಬರ ಮನೆಯ ಹೆಣ್ಣು ನೋಡುವ ಶಾಸ್ತ್ರದ ಫಲಿತಾಂಶ ಗಂಡಿನವರು ಕಾಫಿ ಲೋಟ ಕೆಳಗಿಡುವ ಮೊದಲೇ ಪಕ್ಕದ ಬೀದಿಗೆ ತಲುಪುತ್ತಿದ್ದ ನಮ್ಮ ಬಡಾವಣೆಗಳಲ್ಲಿ, ಗುಡುಗುಮಲ್ಲನ ಕಡೇ ಪುಟಗಳು ಮಾತ್ರ ಒಬ್ಬರ ಬಾಯಿಂದಲೂ ಹೊರಬೀಳಲಿಲ್ಲ.

ನಲವತ್ತೆರಡನೇ ಸಂಚಿಕೆಯನ್ನು ನಾನು 1994ರಲ್ಲಿ, ದ್ವಿತೀಯ ಪಿಯುಸಿ ಪರೀಕ್ಷೆಗೆ ಹತ್ತು ದಿನವಿರುವಾಗ ಮನೆಗೆ ತಂದೆ. ಊಟಕ್ಕೆ ಕೂತು ಓದುತ್ತಿದ್ದಾಗ ಖಳನಾಯಕ ಕೊಡೆ ಬಿಚ್ಚಿದ ರಭಸಕ್ಕೆ ನನ್ನ ಕೈಯ ಸೌಟು ವಾಲಿ, ಹದಿನೇಳನೇ ಪುಟದ ಮೇಲೆ ಅಷ್ಟೂ ಸಾರು ಬಿತ್ತು. ಕಲೆ ಶ್ರೀಲಂಕೆಯ ಭೂಪಟದಂತೆ ಅಚ್ಚುಕಟ್ಟಾಗಿ ಮೂಡಿತು. ನಮ್ಮ ತಾಯಿ ಪಾರ್ವತಮ್ಮನವರು ಪುಸ್ತಕವನ್ನು ಹಪ್ಪಳದ ಪಕ್ಕ ಬಿಸಿಲಿಗಿಟ್ಟು ಒಣಗಿಸಿದರು, ಒಣಗಿದ ಮೇಲೆ ಅದು ಪಠ್ಯಪುಸ್ತಕವಲ್ಲವೆಂದು ಕಂಡುಹಿಡಿದರು, ಮತ್ತು ಅದೇ ಹೊತ್ತಿಗೆ ಬೀದಿಯಲ್ಲಿ ಕೂಗಿದ ಹಳೇಪೇಪರಿನವನ ಚೀಲಕ್ಕೆ ಹಾಕಿಬಿಟ್ಟರು. ಮುದ್ರಣಾಲಯ ಆ ತಿಂಗಳೇ ಬಾಗಿಲು ಹಾಕಿದ್ದರಿಂದ ಇನ್ನೊಂದು ಪ್ರತಿ ಎಲ್ಲಿಯೂ ಸಿಗಲಿಲ್ಲ. ಪುಸ್ತಕವಿಲ್ಲದೆ ಪುಟವಿಲ್ಲ ಎಂದರು ಶೀನಣ್ಣ. ಪರೀಕ್ಷೆಯಲ್ಲಿ ಪಾಸಾದೆ. ಬದುಕಿನಲ್ಲಿ ಒಂದು ಪುಟ ಬಾಕಿ ಉಳಿಯಿತು.

ಅಂದಿನಿಂದ ಇಂದಿಗೆ ಹದಿನಾಲ್ಕು ವರ್ಷ. ಶ್ರೀರಾಮನಿಗೂ ಇಷ್ಟೇ ಆಗಿತ್ತು, ಆದರೆ ಅವನಿಗೆ ಮುಗಿಯುವ ದಿನ ಗೊತ್ತಿತ್ತು. ಓಕಳಿಪುರದ ನನ್ನ ಗೆಳೆಯ ಚಲುವರಾಜು, ಈಗ ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್, ನನಗಿಂತ ಮೊದಲೇ ಆ ಪುಸ್ತಕ ಒಯ್ದು ಹಿಂದಿರುಗಿಸಿ ಆ ಪುಟವನ್ನು ಓದಿದ್ದಾನೆ. ನನ್ನ ಮದುವೆಯ ದಿನ, ಉಡುಗೊರೆ ಬೇಡ, ಅದೊಂದನ್ನು ಕಿವಿಯಲ್ಲಿ ಹೇಳು ಎಂದು ಬಾಸಿಂಗ ಕಟ್ಟಿಕೊಂಡೇ ಬೇಡಿದೆ. "ಗುರು, ಬೇಕಾದ್ರೆ ಕಿಡ್ನಿ ಕೇಳು, ಕೊಡ್ತೀನಿ. ಶೀನಣ್ಣಂಗೆ ಮಾತು ಕೊಟ್ಬಿಟ್ಟಿದೀನಿ" ಎಂದು ಒಂದು ಗೋಡೆಗಡಿಯಾರ ಕೊಟ್ಟು ಹೋದ. ಹೀಗಿರುವಾಗ ಗುಡುಗುಮಲ್ಲ ಸಿನಿಮಾ ಆಗುತ್ತಿದ್ದಾನೆ, ಕಳೆದ ಶುಕ್ರವಾರವೇ ಬಿಡುಗಡೆ ಎಂದು ತಿಳಿದಾಗ ನನಗಾದ ಸಂತೋಷವನ್ನು ತಾವು ಊಹಿಸಬಲ್ಲಿರಿ. ಊಹಿಸುವುದು ಹೇಗೂ ತಮ್ಮ ವಾಹಿನಿಯ ವೃತ್ತಿ.

ಆದರೆ ತಾವು ಶುಕ್ರವಾರದವರೆಗೆ ಕಾಯುವವರೇ? ಗುರುವಾರ ಸಂಜೆ ಚಲುವರಾಜುವೂ ನಾನೂ ನಮ್ಮ ಮನೆಯಲ್ಲಿ ಅವಲಕ್ಕಿ ತಿನ್ನುತ್ತ ಕೂತಿದ್ದಾಗ ತಮ್ಮ ಪರದೆ ಕೆಂಪಾಯಿತು, ಯುದ್ಧ ಘೋಷಣೆಯಾದಾಗಿನ ಸಂಗೀತ ಮೊಳಗಿತು, ಮತ್ತು ತಮ್ಮ ನಿರೂಪಕರು ಮುಖವಾಡದ ಹಿಂದಿರುವವನು ಕತೆಯಲ್ಲಿ ಬರುವ ಹವಾಮಾನ ಕಚೇರಿಯ ಗುಮಾಸ್ತ ಚಿದಂಬರನೇ ಎಂದು ಒಂದೇ ಉಸಿರಿಗೆ ಸಾರಿಬಿಟ್ಟರು. ಟಿವಿ ಆರಿಸಲು ಹಾರಿದವನಿಗೆ ರಿಮೋಟಿನ ಬದಲು ಕೈಗೆ ಬಂದದ್ದು ಅವಲಕ್ಕಿಯ ಚಮಚ. ಹದಿನಾಲ್ಕು ವರ್ಷ ಜೋಪಾನ ಮಾಡಿದ ನನ್ನ ಅಜ್ಞಾನವನ್ನು ಹನ್ನೊಂದು ಸೆಕೆಂಡಿನಲ್ಲಿ ಕಸಿದುಕೊಂಡ ತಮ್ಮ ಸಾಮರ್ಥ್ಯದ ಮುಂದೆ ಗುಡುಗುಮಲ್ಲನ ಬಲ ಯಾವ ಲೆಕ್ಕ! ಆತ ಗುಡುಗಿದ ಮೇಲೆ ಮಳೆಯಾದರೂ ಬರುತ್ತಿತ್ತು. ಆತ ಘಟನೆ ನಡೆದ ಜಾಗಕ್ಕೆ ಹಾರಿ ಬರುತ್ತಿದ್ದ. ತಮ್ಮ ವರದಿಗಾರರಾದರೋ ಘಟನೆ ನಡೆಯುವ ಮೊದಲೇ ಬಂದು, ಅದು ನಡೆಯದಿದ್ದರೆ ತಾವೇ ನಡೆಸಿಕೊಡುತ್ತಾರೆ. ಚಲುವರಾಜು ಮಾತ್ರ ಏಕೋ ಬಾಯಿಗೆ ಕರವಸ್ತ್ರ ತುರುಕಿಕೊಂಡು ಅಡುಗೆಮನೆಗೆ ಓಡಿದ. ಅಳುತ್ತಿದ್ದಾನೆ ಎಂದುಕೊಂಡೆ.

ಆಮೇಲೆ ತಾವು ಸಾಕ್ಷ್ಯವನ್ನು ತೋರಿಸಿದಿರಿ. 'ನಾಡಿನಲ್ಲೇ ಉಳಿದಿರುವ ಏಕೈಕ ಪ್ರತಿ, ನಮ್ಮಲ್ಲಿ ಮಾತ್ರ!' ಎಂದು ಹಳೆಯ ಕಾಮಿಕ್ಸ್ ಒಂದನ್ನು ಎತ್ತಿ ಹಿಡಿದು, ಅದರ ಹದಿನೇಳನೇ ಪುಟದ ಮೇಲಿನ ಒಂದು ಕಂದು ಗುರುತಿನ ಸುತ್ತ ಕೆಂಪು ವೃತ್ತ ಎಳೆದು, ಬಾಣ ಬಿಟ್ಟು, 'ಏನಿದು ರಕ್ತದ ಕಲೆ?' ಎಂದು ಕೇಳಿದಿರಿ. ಜ್ಯೋತಿಷಿಯೊಬ್ಬರು ಅದು ಶನಿಯ ಪ್ರಭಾವ ಎಂದರು. ನಿವೃತ್ತ ಪೊಲೀಸ್ ಅಧಿಕಾರಿಯೊಬ್ಬರು ಎಡಗೈಯವನ ಕೃತ್ಯ ಎಂದರು. ಅಷ್ಟರಲ್ಲಿ ಹೂಬತ್ತಿ ಹೊಸೆಯುತ್ತಿದ್ದ ನಮ್ಮ ತಾಯಿ ತಲೆಯೆತ್ತಿ, "ಅಯ್ಯೋ, ಅದು ನಮ್ಮನೆ ಸಾರು ಕಣೋ! ಆವತ್ತು ಬೇಳೆ ಜಾಸ್ತಿ ಆಗಿತ್ತು, ನೋಡು ಹೆಂಗೆ ಹೆಪ್ಪುಗಟ್ಟಿದೆ" ಎಂದರು. ಹೌದು ಮಾನ್ಯರೇ. ರಸಾಯನಶಾಸ್ತ್ರದ ಅಧ್ಯಾಪಕನಾಗಿ ಪ್ರಮಾಣೀಕರಿಸುತ್ತೇನೆ: ಅದು ರಕ್ತವಲ್ಲ, ಸಾರು. ಎಡಗೈಯವನ ಕೃತ್ಯವೆಂಬುದು ನಿಜ, ಬಲಗೈಯಲ್ಲಿ ಪುಸ್ತಕವಿತ್ತು.

ಶುಕ್ರವಾರ ಭಾರವಾದ ಎದೆಯೊಡನೆ ಸಿನಿಮಾಕ್ಕೆ ಹೋದೆ. ಎರಡೂ ಮುಕ್ಕಾಲು ಗಂಟೆ ಹೊಡೆದಾಡಿದ ನಾಯಕ ಕೊನೆಯಲ್ಲಿ ಮುಖವಾಡಕ್ಕೆ ಕೈ ಹಾಕಿದ; ಪರದೆಯ ಮೇಲೆ 'ಎರಡನೇ ಭಾಗದಲ್ಲಿ' ಎಂದು ಬಂತು; ದೀಪ ಹೊತ್ತಿತು. ಚಿದಂಬರನ ಸುಳಿವೇ ಇಲ್ಲ. ಶನಿವಾರ ತಾವು 'ದಿಢೀರ್ ವರದಿಯ ಫಲಶ್ರುತಿ: ಬೆದರಿ ಅಂತ್ಯವನ್ನೇ ಬದಲಿಸಿದ ಚಿತ್ರತಂಡ' ಎಂದು ತಮ್ಮ ಬೆನ್ನನ್ನು ತಾವೇ ತಟ್ಟಿಕೊಂಡಿರಿ. ಅಂಗೈ ತಟ್ಟುವುದಕ್ಕಿಂತ ಇದು ಕಷ್ಟದ ವಿದ್ಯೆ.

ಅಂದೇ ಸಂಜೆ ಶೀನಣ್ಣನವರ ಬಳಿಗೆ ಹೋಗಿ, ಗುಟ್ಟು ಬಯಲಾಯಿತಲ್ಲ, ಇನ್ನಾದರೂ ಪುಟ ತೋರಿಸಿ ಎಂದೆ. ಎಪ್ಪತ್ತೈದು ದಾಟಿರುವ ಅವರು ಡಬ್ಬದ ಮುಚ್ಚಳ ತೆರೆದು, ನನಗೆ ಬೆನ್ನು ಮಾಡಿ ಆ ಪುಟವನ್ನು ಒಮ್ಮೆ ನೋಡಿ, ಮುಚ್ಚಿ, "ಟಿವಿಯವ್ರಿಗೆ ಕಡೇ ಪುಟ ಎಲ್ಲಿಂದ ಸಿಕ್ತಪ್ಪಾ? ಇಲ್ಲೇ ಇದೆಯಲ್ಲ. ಅವ್ರ ಹತ್ರ ಇರೋ ಪುಸ್ತಕದಲ್ಲಿ ನಾನು ಬ್ಲೇಡಾಕಿರೋ ಗುರುತು ನೋಡ್ಲಿಲ್ವಾ?" ಎಂದರು. ಆಮೇಲೆ ಕನ್ನಡಕ ಸರಿಮಾಡಿಕೊಂಡು, "ಅದ್ಸರಿ, ಪುಸ್ತಕ ತಂದ್ಯಾ?" ಎಂದರು. ಚಲುವರಾಜು ಅಡುಗೆಮನೆಗೆ ಓಡಿದ್ದು ಅಳುವುದಕ್ಕಲ್ಲವೆಂದು ಆಗ ಹೊಳೆಯಿತು. ಇಲ್ಲದ ಪುಟವನ್ನು ಓದಿ ನಾಡಿಗೇ ಹೇಳಿದ ತಮ್ಮ ದಿವ್ಯದೃಷ್ಟಿಗೆ ಸಾಷ್ಟಾಂಗ ನಮಸ್ಕಾರ. ನನ್ನ ಅಜ್ಞಾನವನ್ನು ತಾವು ಕಸಿದುಕೊಂಡಿಲ್ಲ. ಅದು ಹೊಚ್ಚಹೊಸದರಂತೆ ನನ್ನಲ್ಲೇ ಇದೆ.

ಆದ್ದರಿಂದ ನನ್ನ ವಿನಂತಿಗಳು ಇಷ್ಟೇ. ಗುರುವಾರದ ಕಾರ್ಯಕ್ರಮವನ್ನು ಒಮ್ಮೆ ಹಿಂದುಮುಂದಾಗಿ ಪ್ರಸಾರ ಮಾಡಿ. ಆಗ ಚಿದಂಬರನ ಹೆಸರು ನಿರೂಪಕರ ಬಾಯೊಳಗೆ ಮರಳಿ, ಪಾಪ, ಆ ಗುಮಾಸ್ತನಿಗೂ ನೆಮ್ಮದಿ. ಸಾರಿನ ಕಲೆಯನ್ನು ಯಾವ ಪ್ರಯೋಗಾಲಯಕ್ಕೂ ಕಳಿಸಬೇಡಿ. ಬೇಳೆ ಜಾಸ್ತಿಯಾದದ್ದನ್ನು ನಮ್ಮ ತಾಯಿ ಒಪ್ಪಿಕೊಂಡಾಗಿದೆ. ಮೂರನೆಯದನ್ನು ಮಾತ್ರ ತಮಾಷೆಯಿಲ್ಲದೆ, ಕೈಮುಗಿದು ಕೇಳುತ್ತೇನೆ. ತಮ್ಮ ಸ್ಟುಡಿಯೋದಲ್ಲಿರುವ ಆ ಪುಸ್ತಕವನ್ನು ನನಗೆ ಕೊಟ್ಟುಬಿಡಿ. ಲೈಬ್ರರಿಯ ಮುದ್ರೆಯೂ 118 ಎಂಬ ನನ್ನ ಸದಸ್ಯತ್ವದ ಸಂಖ್ಯೆಯೂ ಮೊದಲ ಪುಟದಲ್ಲೇ ಇವೆ. ಚಾಮರಾಜಪೇಟೆ ನನಗೆ ಹತ್ತು ನಿಮಿಷದ ನಡಿಗೆ. ಹದಿನಾಲ್ಕು ವರ್ಷದಿಂದ ಅಷ್ಟು ದೂರ ನಡೆದು ಮುಗಿಸಲು ಆಗಿಲ್ಲ.

ತಮ್ಮ ವಿಶ್ವಾಸಿ, ತಮ್ಮ ವಾರ್ತೆಗಳಲ್ಲಿ ಅಲ್ಲ,
ವಾದಿರಾಜ
(ಸದಸ್ಯತ್ವ ಸಂಖ್ಯೆ 118, ಅಮಾನತಿನಲ್ಲಿದೆ)

ಮರೆತ ಮಾತು: ಪುಸ್ತಕ ತಲುಪಿ ನಾನು ಆ ಪುಟವನ್ನು ಓದಿದ ದಿನ ತಮ್ಮ ವರದಿಗಾರರು ಮೈಕು ಹಿಡಿದು ಗವಿಪುರಕ್ಕೆ ಅಗತ್ಯವಾಗಿ ಬರಲಿ. ನಮ್ಮ ಮನೆಯಲ್ಲಿ ಕಾಫಿ ಸಿಗುತ್ತದೆ, ಊಟದ ಹೊತ್ತಾದರೆ ಅನ್ನ-ಸಾರೂ ಸಿಗುತ್ತದೆ, ಕಡೇ ಪುಟ ಮಾತ್ರ ಸಿಗುವುದಿಲ್ಲ. ಆದರೂ ತಾವು ಚಿಂತಿಸಬೇಕಾಗಿಲ್ಲ. ನಾನು ಹೇಳದೇ ಇದ್ದದ್ದನ್ನು ನಾನು ಬಾಯಿ ಮುಚ್ಚುವ ಮೊದಲೇ ತಾವು ಪ್ರಸಾರ ಮಾಡಿರುತ್ತೀರಿ.