ನನ್ನ ಅಪರೂಪದ ಗಿಟಾರಿನ ರಿಪೇರಿ ಪ್ರಕರಣ

ಇಡೀ ಚಿತ್ರದುರ್ಗ ಜಿಲ್ಲೆಯಲ್ಲಿ ಅಂಥದ್ದೊಂದು ಗಿಟಾರ್ ಇರುವುದು ನಮ್ಮ ಮನೆಯಲ್ಲಿ ಮಾತ್ರ. ಈ ಮಾತನ್ನು ನಾನು ಇಪ್ಪತ್ತು ವರ್ಷಗಳಿಂದ ಕೇಳಿದವರಿಗೂ ಕೇಳದವರಿಗೂ ಹೇಳುತ್ತ ಬಂದಿದ್ದೇನೆ. ಹಿರಿಯೂರಿನ ಆರ್ಕೆಸ್ಟ್ರಾ ತಂಡವೊಂದು ಬಾಗಿಲು ಹಾಕಿದಾಗ ಕೊಂಡು ತಂದದ್ದು. ಜಪಾನಿನಲ್ಲಿ ಹುಟ್ಟಿದ, ಈಗ ಎಲ್ಲಿಯೂ ಹುಟ್ಟದ ಹಳೆಯ ಎಲೆಕ್ಟ್ರಿಕ್ ಗಿಟಾರ್. ಅದೂ ಎಂಥದ್ದು? ಆಕ್ಟಿವ್! ಮಾಮೂಲಿ ಎಲೆಕ್ಟ್ರಿಕ್ ಗಿಟಾರಿಗೆ ಒಂದು ವಯರ್ ಚುಚ್ಚಿದರೆ ಸಾಕು. ನನ್ನದರ ಹೊಟ್ಟೆಯೊಳಗೆ ಪುಟ್ಟ ಸರ್ಕ್ಯೂಟ್ ಇದೆ, ಅದಕ್ಕೆ ಒಂಬತ್ತು ವೋಲ್ಟಿನ ಚೌಕ ಬ್ಯಾಟರಿ ಬೇಕು. ವಯರ್ ಚುಚ್ಚಿದಾಗ ಸರ್ಕ್ಯೂಟ್ ಏಳುತ್ತದೆ, ಕಿತ್ತಾಗ ಮಲಗುತ್ತದೆ.

"ಹಂಗಾರೆ ಇಪ್ಪತ್ತು ವರ್ಷದಿಂದ ಮಲಗೇ ಐತೆ ಅನ್ರಿ" ಎನ್ನುತ್ತಾಳೆ ನನ್ನ ಹೆಂಡತಿ ಗಿರಿಜಾ.

ಅದು ಸುಳ್ಳಲ್ಲ. ಒಮ್ಮೆ ತಂತಿ ಹೋಗಿರುತ್ತಿತ್ತು, ಒಮ್ಮೆ ಬ್ಯಾಟರಿ, ಒಮ್ಮೆ ನನ್ನ ಮೂಡು. ಒಟ್ಟಿನಲ್ಲಿ ಸದರಿ ಗಿಟಾರು ಸದಾ ರಿಪೇರಿಯ ಪೂರ್ವಸಿದ್ಧತೆಯಲ್ಲಿರುತ್ತಿತ್ತು. ಆದರೆ ಮನೆಯೊಳಗೆ ಹೀಗೆ ಚುಚ್ಚುವ ಗಿರಿಜಾ ತವರಿನವರ ಮುಂದೆ ಮಾತ್ರ ನನ್ನನ್ನು ಬಿಟ್ಟುಕೊಟ್ಟವಳಲ್ಲ. ಹೊಸದುರ್ಗದಲ್ಲಿ ಅವಳ ಅಣ್ಣನ ಮಗಳ ಆರತಕ್ಷತೆ ನಿಶ್ಚಯವಾಗಿತ್ತು. ಅವಳ ಅತ್ತಿಗೆ ಫೋನಿನಲ್ಲಿ, "ಅಲ್ಲ ಕಣೇ, ನಿಮ್ಮನೆಯೋರು ಗಿಟಾರ್ ಬಾರಿಸ್ತಾರೆ ಅಂತ ಕೇಳಿದ್ದೇ ಬಂತು, ಬಾರಿಸಿದ್ದು ಯಾರಾನ ಕೇಳಿದಾರೇನು?" ಎಂದುಬಿಟ್ಟರಂತೆ.

ಗಿರಿಜಾಳಿಗೆ ಮೈಯೆಲ್ಲ ಉರಿದುಹೋಯಿತು. "ಆರತಕ್ಷತೆ ದಿನ ಸ್ಟೇಜ್ ಮ್ಯಾಲೆ ಬಾರಿಸ್ತಾರೆ, ಕಣ್ತುಂಬ ನೋಡ್ರಿ, ಕಿವಿತುಂಬ ಕೇಳ್ರಿ!" ಎಂದು ಫೋನ್ ಕುಕ್ಕಿ ನನ್ನ ಕಡೆ ತಿರುಗಿದಳು. "ನೋಡ್ರಿ, ಇನ್ನು ಹತ್ತು ದಿನ ಐತೆ. ನನ್ನ ಮರ್ಯಾದಿ ನಿಮ್ಮ ಕೈಯಾಗೈತೆ."

"ಹತ್ತು ದಿನ ಯಾಕೆ? ಹತ್ತು ನಿಮಿಷ ಸಾಕು" ಎಂದೆ ನಾನು.

ಕಾಲೇಜು ದಿನಗಳಲ್ಲಿ ಎರಡು ತಿಂಗಳು ಗಿಟಾರ್ ಕಲಿತವನು ನಾನು. ಬೆರಳಿಗೆ ಒಮ್ಮೆ ಹತ್ತಿದ ವಿದ್ಯೆ ಎಲ್ಲಿಗೆ ಹೋಗುತ್ತದೆ? ಇನ್ನು ಗಿಟಾರಿನ ವಿಚಾರಕ್ಕೆ ಬಂದರೆ, ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಓಮನ ನಿಯಮವನ್ನು ನಿದ್ದೆಯಲ್ಲೂ ಹೇಳಬಲ್ಲೆ. ಹೇಳಿದ್ದೇನೆ ಕೂಡ, ಗಿರಿಜಾ ಸಾಕ್ಷಿ.

ಬೀರುವಿನ ಮೇಲಿಂದ ಗಿಟಾರ್ ಇಳಿಸಿ, ಧೂಳು ಒರೆಸಿ, ವಯರ್ ಚುಚ್ಚಿದೆ. ತೂತಿನೊಳಗೆ ಅದು ಪೂರ್ತಿ ಹೋಗಲಿಲ್ಲ, ಕೊನೆಯ ಸ್ವಲ್ಪ ಬಿಗಿಯಾಗಿ ನಿಂತಿತು. "ನೋಡು, ಹಳೇ ಕಾಲದ ಜಪಾನ್ ಮಾಲು, ಎಷ್ಟು ಟೈಟು!" ಎಂದು ಹೆಮ್ಮೆಯಿಂದ ಒತ್ತಿ ತುರುಕಿದೆ. ಆಂಪ್ಲಿಫೈಯರ್ ಹಾಕಿದೆ. ತಂತಿ ಮೀಟಿದೆ.

ಸದ್ದಿಲ್ಲ!

"ಬ್ಯಾಟರಿ" ಎಂದೆ. ಪೇಟೆಗೆ ಹೋಗಿ ಹೊಸದು ತಂದೆ. ಗಿರಿಜಾ ಅನುಮಾನದಿಂದ ನೋಡಿದ್ದಕ್ಕೆ, ಅದರ ತುದಿಯನ್ನು ನಾಲಿಗೆಗೆ ಮುಟ್ಟಿಸಿ ಪರೀಕ್ಷಿಸಿ ತೋರಿಸಿದೆ. ಬ್ಯಾಟರಿ ಅತ್ಯಂತ ಆರೋಗ್ಯವಾಗಿತ್ತು. ನನ್ನ ನಾಲಿಗೆ ಮಧ್ಯಾಹ್ನದವರೆಗೆ ಇರಲಿಲ್ಲ. ಗಿಟಾರ್ ಮಾತ್ರ ಕಮಕ್ ಕಿಮಕ್ ಎನ್ನಲಿಲ್ಲ.

"ಕೋಟೆ ರಸ್ತೆ ಖಾದರ್ ಸಾಬ್ರ ಹತ್ರ ತಗಂಡು ಹೋಗಾಣ ನಡೀರಿ. ನಮ್ಮ ಮಿಕ್ಸಿ, ರೇಡಿಯೋ ಎಲ್ಲ ಅವರೇ ಅಲ್ವಾ ಮಾಡಿಕೊಟ್ಟಿದ್ದು" ಎಂದಳು ಗಿರಿಜಾ.

"ಮಿಕ್ಸಿ ಬೇರೆ, ಆಕ್ಟಿವ್ ಸರ್ಕ್ಯೂಟ್ ಬೇರೆ. ಇದಕ್ಕೆ ಥಿಯರಿ ಗೊತ್ತಿರಬೇಕು" ಎಂದು ನಾನು ಸ್ಕ್ರೂಡ್ರೈವರ್ ಎತ್ತಿಕೊಂಡೆ.

ಹಿಂಬದಿಯ ಮುಚ್ಚಳ ತೆಗೆದರೆ ಒಳಗೆ ವಯರುಗಳು ಶಾವಿಗೆಯಂತೆ ಸುತ್ತಿಕೊಂಡಿದ್ದವು. ಯಾವುದು ಎಲ್ಲಿಗೆ ಹೋಗಬೇಕೆಂದು ಶಿಸ್ತಾಗಿ ಒಂದು ಚಿತ್ರ ಬರೆದುಕೊಂಡೆ. ಆಮೇಲೆ ಬೆಸುಗೆ ಸಡಿಲವಾಗಿದೆಯೆಂದು ತೀರ್ಮಾನಿಸಿ, ಶಾಲೆಯ ಲ್ಯಾಬಿನಿಂದ ತಂದ ಸೋಲ್ಡರಿಂಗ್ ಕಡ್ಡಿಯನ್ನು ಕಾಯಿಸಿ ಮುಟ್ಟಿಸಿದೆ. ಸಡಿಲವಾಗಿರದಿದ್ದವೂ ಬಿಟ್ಟುಕೊಂಡವು. ಚಿತ್ರ ನೋಡಿ ಜೋಡಿಸೋಣವೆಂದರೆ, ಬಿಸಿ ಕಡ್ಡಿಯನ್ನು ನಾನು ಇಟ್ಟದ್ದು ಆ ಚಿತ್ರದ ಮೇಲೆಯೇ! ಮಧ್ಯದಲ್ಲಿ ಕರ್ರಗೆ ಒಂದು ಕಿಂಡಿ ಬಿದ್ದಿತ್ತು. ಕಿಂಡಿಯ ಭಾಗವನ್ನು ಥಿಯರಿಯ ಆಧಾರದ ಮೇಲೆ ಊಹಿಸಿ ಬೆಸೆದೆ. ಎಲ್ಲ ಮುಗಿದಾಗ ಎರಡು ಸ್ಕ್ರೂ ಉಳಿದವು. ಅವು ಹೆಚ್ಚುವರಿ ಇರಬೇಕೆಂದು ಜೇಬಿಗೆ ಹಾಕಿಕೊಂಡೆ.

ಬ್ಯಾಟರಿ ಸೇರಿಸಿದ ಕೂಡಲೆ ಒಳಗಿನಿಂದ ಸಣ್ಣಗೆ ಹೊಗೆ ಬಂತು. ಮೊದಲು ಬರೀ ಮೌನವಿತ್ತು. ಈಗ ವಾಸನೆಯೂ ಸೇರಿತು.

ಗಿರಿಜಾ ಸೆರಗು ಸರಿ ಮಾಡಿಕೊಂಡು ಚಪ್ಪಲಿ ಮೆಟ್ಟಿದಳು. ನಾನು ಗಿಟಾರನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಹಿಂಬಾಲಿಸಿದೆ.

ಖಾದರ್ ಸಾಬರು ಎಪ್ಪತ್ತರ ಹತ್ತಿರದವರು. ಅಜ್ಜ, ಮುತ್ತಜ್ಜನ ಕಾಲದಿಂದ ಚಿತ್ರದುರ್ಗದಲ್ಲೇ ಕೈಕೆಲಸ ಮಾಡಿಕೊಂಡು ಬಂದ ಮನೆತನ. ಗಿಟಾರನ್ನು ನೋಡಿ, "ಅರೆರೆ, ಎಂಥಾ ಮಾಲು ಮೇಷ್ಟ್ರೇ! ಕುಂತ್ಕಳ್ರಿ" ಎಂದು ಪ್ರೀತಿಯಿಂದ ಸವರಿದರು. ಮುಚ್ಚಳ ಬಿಚ್ಚಲೇ ಇಲ್ಲ. ವಯರ್ ಚುಚ್ಚುವ ತೂತಿಗೆ ಟಾರ್ಚ್ ಬಿಟ್ಟು, ಒಂದು ಕಣ್ಣು ಮುಚ್ಚಿ ನೋಡಿ, ಚಿಮಟ ಹಾಕಿ ಎಳೆದರು. ಉಗುರುದ್ದದ ಒಂದು ಕಡ್ಡಿಯ ತುಂಡು ಬಂತು. ಅದರ ಹಿಂದೆಯೇ ಬೂದಿ. ಅಂಗಡಿಯಲ್ಲಿ ತೆಳ್ಳಗೆ ಗಂಧದ ಪರಿಮಳ ಹರಡಿತು.

"ಮೇಷ್ಟ್ರೇ, ಇದು ಯಾವ ಪಾರ್ಟು?"

ನಾನು ಗಿರಿಜಾಳನ್ನು ನೋಡಿದೆ. ಗಿರಿಜಾ ಆಗಲೇ ನನ್ನನ್ನು ನೋಡುತ್ತಿದ್ದಳು.

ಕಳೆದ ಆಯುಧಪೂಜೆಯ ದಿನ ನಡೆದದ್ದು ಇಷ್ಟು. ಸ್ಕೂಟರು, ಹೊಲಿಗೆ ಯಂತ್ರ, ಕುಡುಗೋಲಿನ ಸಾಲಿನಲ್ಲಿ ಗಿಟಾರನ್ನೂ ಇಟ್ಟು ವಿಭೂತಿ ಬಳಿದಿದ್ದೆವು. ಗಿರಿಜಾ ಎಲ್ಲಕ್ಕೂ ಒಂದೊಂದು ಬಾಳೆಹಣ್ಣಿಟ್ಟು ಅದಕ್ಕೆ ಊದಿನಕಡ್ಡಿ ಸಿಕ್ಕಿಸುತ್ತ ಬಂದಳು. ಗಿಟಾರಿನ ಹತ್ತಿರ ಬಂದಾಗ ನಾನು ತಡೆದೆ. "ಅಪರೂಪದ ವಸ್ತು, ಬಾಳೆಹಣ್ಣಿನ ಅಂಟಿಗೆ ಇರುವೆ ಬರುತ್ತೆ" ಎಂದು ಎಚ್ಚರಿಸಿ, ವೈಜ್ಞಾನಿಕವಾಗಿ ಯೋಚಿಸಿ, ಊದಿನಕಡ್ಡಿಯನ್ನು ಗಿಟಾರಿನ ವಯರ್ ತೂತಿಗೇ ಸಿಕ್ಕಿಸಿದ್ದೆ. ಹೇಳಿ ಮಾಡಿಸಿದಂತೆ ಕೂತಿತ್ತು. ತೆಗೆಯುವಾಗ ಲಟಕ್ಕೆಂದದ್ದೂ ಈಗ ನೆನಪಾಯಿತು.

ಇದನ್ನೆಲ್ಲ ಕೇಳಿ ಸಾಬರು ನಗಲಿಲ್ಲ, ದೊಡ್ಡ ಮನುಷ್ಯರು. "ಆತು ಬಿಡ್ರಿ, ಒಂದು ನಿಮಿಷದ ಕೆಲಸ" ಎಂದು ಮೀಟಿ ನೋಡಿದರು. ಆಗಲೂ ಸದ್ದಿಲ್ಲ. ಹಿಂದಿನ ಮುಚ್ಚಳ ತೆಗೆದರು. ತೆಗೆದವರು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಬಗ್ಗಿ ನೋಡಿದರು.

"ಇದನ್ನ ಯಾರು ಮಾಡಿದ್ದು?"

"ಸ್ವಲ್ಪ ನಾನೇ..."

"ಗಿಟಾರ್ ರಿಪೇರಿ ಮುಗೀತು ಮೇಷ್ಟ್ರೇ. ಆದ್ರೆ ನೀವು ಮಾಡಿರೋ ರಿಪೇರಿನ ರಿಪೇರಿ ಮಾಡಕ್ಕೆ ಒಂದು ವಾರ ಬೇಕು."

ನಾನು ಜೇಬಿನಿಂದ ಎರಡು ಸ್ಕ್ರೂ ತೆಗೆದು ಮೇಜಿನ ಮೇಲಿಟ್ಟೆ.

ಗಿಟಾರ್ ಕೈಗೆ ಬಂದದ್ದು ಆರತಕ್ಷತೆಯ ದಿನವೇ. ಸಾಬರನ್ನೂ ಗಿರಿಜಾ ಒತ್ತಾಯಿಸಿ ಬಾಡಿಗೆ ಕಾರಿನಲ್ಲಿ ಕೂರಿಸಿಕೊಂಡಳು. "ನೀವು ಜತೆಗಿದ್ರೆ ಧೈರ್ಯ, ಬರ್ರಿ." ಹೊಳಲ್ಕೆರೆ ದಾಟುವವರೆಗೂ ನಾನು ಮೊಣಕಾಲಿನ ಮೇಲೆ ಬೆರಳಾಡಿಸಿ ಅಭ್ಯಾಸ ಮಾಡಿದೆ. ಮೊಣಕಾಲಿನಲ್ಲಿ ಒಂದು ಸ್ವರವೂ ತಪ್ಪಲಿಲ್ಲ.

ಸ್ಟೇಜ್ ಹತ್ತಿದೆ. ಮುಂದಿನ ಸಾಲಿನಲ್ಲಿ ಅತ್ತಿಗೆ, ಅವರ ಪಕ್ಕದಲ್ಲಿ ರೇಷ್ಮೆ ಸೀರೆಯ ಗಿರಿಜಾ, ಹಿಂದಿನ ಸಾಲಿನಲ್ಲಿ ಮತ್ತೋಡು ಹಳ್ಳಿಯಿಂದ ಕುರಿ ಹಿಂಡನ್ನು ಬೇರೆಯವರಿಗೆ ಒಪ್ಪಿಸಿ ಬಂದಿದ್ದ ಅವಳ ಚಿಕ್ಕಪ್ಪ. ವಯರ್ ಚುಚ್ಚಿದೆ, ಬೆಣ್ಣೆಯಂತೆ ಒಳಗೆ ಹೋಯಿತು. ಮೀಟಿದೆ. ಆಹಾ! ಎಂಥ ಸ್ಪಷ್ಟವಾದ, ತುಂಬಿದ ಧ್ವನಿ! ಸಾಬರ ಕೈಚಳಕ ಎಂಥದ್ದೆಂದರೆ, ನನ್ನ ಒಂದೊಂದು ತಪ್ಪೂ ಊಟದ ಮನೆಯ ಕೊನೆಯ ಪಂಕ್ತಿಯವರೆಗೆ ಸ್ಪಷ್ಟವಾಗಿ ಕೇಳಿಸಿತು. ಹಳೆಯ ಸಿನಿಮಾ ಹಾಡೊಂದನ್ನು ಹಿಡಿದಿದ್ದೆ. ಅರ್ಧದಲ್ಲಿ ಹಾಡು ನನ್ನನ್ನು ಬಿಟ್ಟು ಹೋಯಿತು. ವಧು ತಲೆ ತಗ್ಗಿಸಿದಳು. ಮಗುವೊಂದು ಅತ್ತಿತು. ನನಗೂ ಹಾಗೇ ಆಗುತ್ತಿತ್ತು.

ನಿಲ್ಲಿಸಿದಾಗ ಚಿಕ್ಕಪ್ಪ ಕರುಳು ಹಿಂಡುವಂಥ ದನಿಯಲ್ಲಿ, "ಪಾಪ, ಇನ್ನೂ ರಿಪೇರಿ ಆಗಿಲ್ಲ ಕಾಣ್ತೈತೆ" ಎಂದರು.

ಗಿರಿಜಾ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಹೂಂ ಚಿಕ್ಕಪ್ಪ, ಇನ್ನೂ ಆಗಿಲ್ಲ."

ಸಾಬರಿಗೆ ಅದನ್ನು ತಡೆಯಲಾಗಲಿಲ್ಲ. ಐವತ್ತು ವರ್ಷ ಬಂದ ವಾದ್ಯಗಳನ್ನೆಲ್ಲ ರಿಪೇರಿ ಮಾಡಿ, ಬಾರಿಸಿ ನೋಡಿಯೇ ಕೊಟ್ಟ ಕೈ. ಸೀದಾ ಮೇಲೆ ಬಂದು, "ಕೊಡ್ರಿ ಮೇಷ್ಟ್ರೇ, ಚೆಕ್ ಮಾಡ್ತೀನಿ" ಎಂದು ಗಿಟಾರ್ ಇಸಿದುಕೊಂಡು, ನಾನು ಕೊಂದಿದ್ದ ಹಾಡನ್ನೇ ನಾಲ್ಕು ಸಾಲು ಬಾರಿಸಿದರು. ಊಟದ ಮನೆಯವರೂ ಎದ್ದು ಬಂದು ಬಾಗಿಲಲ್ಲಿ ನಿಂತರು.

"ಅಗೋ, ಈಗ ರಿಪೇರಿ ಆತು!" ಎಂದು ಚಿಕ್ಕಪ್ಪ ಎದ್ದು ನಿಂತು ಕೂಗಿದರು. "ಈಗ ಬಾರಿಸ್ರಿ ಅಳಿಯಂದ್ರೇ!"

ಎಲ್ಲರೂ ನನ್ನನ್ನೇ ನೋಡಿದರು. ಗಿರಿಜಾಳ ಮುಖ ಬಿಳಿಚಿಕೊಂಡಿತ್ತು. ಇಪ್ಪತ್ತು ವರ್ಷ ನನ್ನ ಪರವಾಗಿ ಜಗಳವಾಡಿದವಳು. ನನಗೆ ನಿಜಕ್ಕೂ ನಾಚಿಕೆಯಾಯಿತು. "ಗಿಟಾರ್ ಸರಿಯಾಗೇ ಐತೆ ಚಿಕ್ಕಪ್ಪ. ಸಾಬ್ರ ಕೆಲಸ ಪಕ್ಕಾ. ನನಗೇ ಬಾರಿಸಕ್ಕೆ ಬರಲ್ಲ" ಎಂದೆ. ಮೈಕು ಆನ್ ಆಗಿತ್ತು. ಇದು ಕೂಡ ಕೊನೆಯ ಪಂಕ್ತಿಗೆ ಮುಟ್ಟಿತು.

ಗಿರಿಜಾ ಎದ್ದು ಸ್ಟೇಜಿಗೆ ಬಂದಳು. ನಾನು ಏನಾದರೂ ಆಗಲೆಂದು ಕಣ್ಣು ಮುಚ್ಚಿಕೊಂಡೆ. ಅವಳು ನನ್ನನ್ನು ದಾಟಿಕೊಂಡು ಹೋಗಿ, "ನೀವೇ ಬಾರಿಸ್ರಿ ಸಾಬ್ರೇ. ಗಿಟಾರ್ ನಮ್ದೇ ಅಲ್ವಾ" ಎಂದಳು. ಅತ್ತಿಗೆಯ ಕಡೆ ನೋಡಿಯೇ ಹೇಳಿದಳು.

ಸಾಬರು ಒಂದು ಗಂಟೆ ಬಾರಿಸಿದರು. ಅತ್ತಿಗೆ ಕಣ್ಣೊರೆಸಿಕೊಂಡು, "ಎಂಥಾ ಗಿಟಾರ್ ಕಣೇ ನಿಮ್ದು!" ಎಂದರು. ಗಿರಿಜಾ ಹೊಸದುರ್ಗದಿಂದ ತಲೆಯೆತ್ತಿಕೊಂಡೇ ಬಂದಳು. ನನಗೆ ವಹಿಸಿದ ಕೆಲಸ, ವಯರಿಗೆ ಯಾರೂ ಎಡವದಂತೆ ಅದನ್ನು ಹಿಡಿದು ಪಕ್ಕದಲ್ಲಿ ನಿಲ್ಲುವುದು. ಅದನ್ನು ಒಂದೇ ಒಂದು ತಪ್ಪಿಲ್ಲದೆ ನಿರ್ವಹಿಸಿದೆ.

ಮೊನ್ನೆ ಆರತಕ್ಷತೆಯ ವಿಡಿಯೋ ಬಂತು. ಪಕ್ಕದ ಮನೆಯಾಕೆ ನೋಡುತ್ತ, "ಅಲ್ಲಿ ವಯರ್ ಹಿಡ್ಕಂಡು ನಿಂತಿರೋರು ಯಾರು, ಮುಖ ಸರಿಯಾಗಿ ಕಾಣವಲ್ದು?" ಎಂದು ಕೇಳಿದರು.

"ಅದಾ? ಸಾಬ್ರ ಅಸಿಸ್ಟೆಂಟು" ಎಂದು ಗಿರಿಜಾ ವಿಡಿಯೋ ಮುಂದಕ್ಕೆ ಓಡಿಸಿದಳು.